ಅದೃಷ್ಟವೆಂಬ ಪದ ಮತ್ತು ಒಂದು ಅಪರೂಪದ ಅರ್ಬುದ

ರೋಗಕ್ಕೆ ಕಾರಣವೇನೆಂಬ ಪ್ರಶ್ನೆಯನ್ನು ವೈದ್ಯಶಾಸ್ತ್ರವೂ ಧರ್ಮಶಾಸ್ತ್ರವೂ ಬೇರೆ ಬೇರೆ ಉದ್ದೇಶದಿಂದ ಕೇಳುತ್ತವೆ. ವೈದ್ಯನು ಕಾರಣವನ್ನು ಹುಡುಕುವುದು ಅದನ್ನು ತಡೆಯಲು ಇಲ್ಲವೆ ತೆಗೆಯಲು. ಧರ್ಮಶಾಸ್ತ್ರ ಹುಡುಕುವುದು, ನೋವು ಉಣ್ಣುತ್ತಿರುವವನಿಗೂ ಅವನು ಬಾಳಿದ ಬಾಳಿಗೂ ನ್ಯಾಯದ ಸಂಬಂಧವೇನಾದರೂ ಇದೆಯೇ ಎಂದು ತಿಳಿಯಲು. ಸಾಮಾನ್ಯವಾಗಿ ಈ ಎರಡು ಹುಡುಕಾಟಗಳು ಒಂದರ ದಾರಿಗೆ ಇನ್ನೊಂದು ಅಡ್ಡ ಬರುವುದಿಲ್ಲ. ಆದರೆ ವೈದ್ಯನೇ ‘ಕಾರಣ ತಿಳಿಯದು’ ಎಂದು ಹೇಳಿಬಿಡುವ ರೋಗಗಳಲ್ಲಿ, ಹಾಗೆ ಖಾಲಿ ಉಳಿದ ಜಾಗಕ್ಕೆ ಕರ್ಮದ ಮಾತು ಕರೆಯದೆಯೇ ಬಂದು ಕೂರುತ್ತದೆ. ಅದು ಅಲ್ಲಿ ಕೂರಲು ತಕ್ಕದ್ದೇ, ಕರ್ಮಸಿದ್ಧಾಂತವನ್ನು ಕಟ್ಟಿದ ಗ್ರಂಥಗಳೇ ಅದಕ್ಕೆ ಅಲ್ಲಿ ಮಣೆ ಹಾಕಿವೆಯೇ ಎಂಬುದು ಇಲ್ಲಿಯ ವಿಚಾರ.

ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ಎಂಬ ಅರ್ಬುದವು ಇಂಥ ರೋಗಗಳಲ್ಲೊಂದು. ಬಾಯಲ್ಲಿ ಜೊಲ್ಲನ್ನು ಒಸರಿಸುವ ಲಾಲಾಗ್ರಂಥಿಗಳಲ್ಲಿ ದೊಡ್ಡವು ಮೂರು ಜೊತೆ: ಕಿವಿಯ ಮುಂದೆ ಇರುವ ಪರೋಟಿಡ್, ದವಡೆಯ ಅಡಿಯದು, ನಾಲಿಗೆಯ ಕೆಳಗಿನದು, ಇವಲ್ಲದೆ ಅಂಗುಳು, ತುಟಿ ಮತ್ತು ಕೆನ್ನೆಯ ಒಳಮೈಯಲ್ಲಿ ಚಿಕ್ಕ ಗ್ರಂಥಿಗಳು ನೂರಾರು ಹರಡಿಕೊಂಡಿವೆ. ಈ ಗ್ರಂಥಿಗಳಲ್ಲಿ ಹುಟ್ಟುವ ಗಡ್ಡೆಗಳಲ್ಲಿ ಸುಮಾರು ಶೇ. 10ರಷ್ಟು, ತಲೆ ಮತ್ತು ಕುತ್ತಿಗೆಯ ಅರ್ಬುದಗಳನ್ನೆಲ್ಲ ಸೇರಿಸಿ ಎಣಿಸಿದರೆ ಶೇ. 1ರಷ್ಟು ಮಾತ್ರ ಈ ಬಗೆಯವು. ಫ್ರಾನ್ಸಿನ ವೈದ್ಯರು 1853ರ ಸುಮಾರಿಗೆ ಇದನ್ನು ವರ್ಣಿಸಿದ್ದರು; 1859ರಲ್ಲಿ ಜರ್ಮನ್ ಶಸ್ತ್ರವೈದ್ಯ ಥಿಯೋಡೋರ್ ಬಿಲ್ರೋಥ್, ಸೂಕ್ಷ್ಮದರ್ಶಕದ ಕೆಳಗೆ ಜೀವಕೋಶಗಳ ನಡುವೆ ಕೊಳವೆಯಂಥ ಆಕಾರಗಳು ಕಂಡದ್ದರಿಂದ ಇದಕ್ಕೆ ಸಿಲಿಂಡ್ರೋಮ ಎಂದು ಹೆಸರಿಟ್ಟನು. ಜರಡಿಯಂತೆ ತೂತುತೂತಾಗಿ ಕಾಣುವ ಆ ಚಿತ್ರ ಇಂದಿಗೂ ರೋಗವನ್ನು ಗುರುತಿಸುವ ಮುಖ್ಯ ಲಕ್ಷಣವಾಗಿದೆ.

ಆದರೆ ಈ ಅರ್ಬುದದ ನಿಜವಾದ ಸ್ವಭಾವ ಗೊತ್ತಾಗುವುದು ಗಡ್ಡೆಯಲ್ಲಿ ಅಲ್ಲ, ಅದು ಹಿಡಿಯುವ ದಾರಿಯಲ್ಲಿ. ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ನರಗಳಿಗೆ ಕಪಾಲ ನರಗಳೆಂದು ಹೆಸರು. ಅವುಗಳಲ್ಲಿ ಐದನೆಯದು ಮುಖದ ಚರ್ಮ, ಹಲ್ಲು, ಅಂಗುಳುಗಳ ಸ್ಪರ್ಶವನ್ನು ಮಿದುಳಿಗೆ ಒಯ್ಯುತ್ತದೆ, ಏಳನೆಯದಾದ ಮುಖನರವು ನಗು, ಹುಬ್ಬುಗಂಟು, ಕಣ್ಣುಮುಚ್ಚುವಿಕೆ ಮುಂತಾದ ಚಲನೆಗಳನ್ನು ಆಳುತ್ತದೆ. ಮುಖನರ ಕವಲೊಡೆಯುವುದು ಪರೋಟಿಡ್ ಗ್ರಂಥಿಯ ಒಡಲೊಳಗೇ. ಪ್ರತಿಯೊಂದು ನರದ ಎಳೆಗಳ ಕಟ್ಟಿಗೂ ಒಂದು ತೆಳು ಹೊದಿಕೆಯಿದ್ದು, ಈ ಅರ್ಬುದದ ಕೋಶಗಳು ಆ ಹೊದಿಕೆಯನ್ನು ಹಿಡಿದು, ಬಳ್ಳಿ ಆಸರೆಯ ಕೋಲನ್ನು ಅನುಸರಿಸುವಂತೆ, ಹೊರಗಿನಿಂದ ಒಳಕ್ಕೆ ಏರುತ್ತವೆ. ಅಂಗುಳಿನಲ್ಲಿ ಹುಟ್ಟಿದ್ದು ಐದನೆಯ ನರದ ಕವಲನ್ನು ಹಿಡಿದು, ತಲೆಬುರುಡೆಯ ತಳದಲ್ಲಿ ಆ ನರಕ್ಕೆಂದೇ ಇರುವ ರಂಧ್ರವನ್ನು ದಾಟಿ, ಮಿದುಳಿನ ಬುಡದ ನರಗಂಟಿನವರೆಗೂ ಹೋಗಬಲ್ಲದು. ಸ್ಪರ್ಶದ ಸುದ್ದಿ ಮಿದುಳಿಗೆ ಹೋಗುವ ದಾರಿಯೇ ರೋಗದ ದಾರಿಯೂ ಆಗುತ್ತದೆ.

ಹೊರಗೆ ಕಾಣುವ ಗುರುತುಗಳು ಮಾತ್ರ ಬಹಳ ಸಣ್ಣವು. ಮೇಲ್ತುಟಿಯಲ್ಲಿ ಇರುವೆ ಹರಿದಂತಾಗುವುದು, ಕೆನ್ನೆಯ ಒಂದು ರೂಪಾಯಿಯಗಲದ ಜಾಗ ಜೋಮು ಹಿಡಿದು ಕ್ಷೌರದ ಬ್ಲೇಡು ತಾಗಿದರೂ ತಿಳಿಯದಿರುವುದು, ಯಾವ ಹಲ್ಲೂ ಹುಳುಕಿಲ್ಲದಿದ್ದರೂ ಹಲ್ಲುನೋವೆಂದು ದಂತವೈದ್ಯರಲ್ಲಿಗೆ ಓಡಾಡುವುದು. ಮುಖನರಕ್ಕೆ ತಗುಲಿದ್ದರೆ ಬಾಯಿ ಮುಕ್ಕಳಿಸುವಾಗ ನೀರು ತುಟಿಯ ಒಂದು ಮೂಲೆಯಿಂದ ಜಾರಿ ಅಂಗಿಗೆ ಇಳಿಯುವುದು, ಉಂಡೆದ್ದ ಮೇಲೂ ಅನ್ನದ ಅಗುಳು ಕೆನ್ನೆಗೂ ಒಸಡಿಗೂ ನಡುವೆ ಉಳಿದು ಬೆರಳು ಹಾಕಿ ತೆಗೆಯಬೇಕಾಗುವುದು, ಮಲಗುವಾಗ ಮುಚ್ಚದ ರೆಪ್ಪೆಯನ್ನು ಪಟ್ಟಿ ಅಂಟಿಸಿ ಮುಚ್ಚಬೇಕಾಗುವುದು. ಇಂಥ ಮುಖವಾತ ಬಹುಮಂದಿಗೆ ಬರುವುದು ಬೇರೆ ಕಾರಣಗಳಿಂದ, ಮತ್ತು ಅದು ಕೆಲವು ವಾರಗಳಲ್ಲಿ ತಾನೇ ಗುಣವಾಗುತ್ತದೆ. ಆದ್ದರಿಂದಲೇ ಅಪರೂಪಕ್ಕೆ ಬರುವ ಈ ಕಾರಣ ಬೇಗ ಯಾರಿಗೂ ಹೊಳೆಯುವುದಿಲ್ಲ.

ರೋಗದ ಹೆಸರು ತಿಳಿದ ದಿನ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಮೊದಲನೆಯದು, ಏನು ತಿನ್ನುತ್ತಿದ್ದರು ಎಂಬುದು. ಬಾಯಿಯ ಅರ್ಬುದವೆಂದರೆ ಹೊಗೆಸೊಪ್ಪು, ಗುಟ್ಕಾ, ಬೀಡಿಗಳ ಫಲವೆಂದು ಜನ ತಿಳಿದಿದ್ದಾರೆ. ಬಾಯಿಯ ಒಳಪದರದ ಸಾಮಾನ್ಯ ಅರ್ಬುದದ ಮಟ್ಟಿಗೆ ಆ ತಿಳಿವಳಿಕೆ ಸರಿಯೂ ಹೌದು. ಹೊಗೆಸೊಪ್ಪಿನ ಸಂಗತಿ ಹಳೆಯದು. ಅಡಿಕೆಯೊಂದನ್ನೇ ಅಗಿದರೂ ಅರ್ಬುದ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು, ಅಡಿಕೆ ಬೆಳೆಯುವ ನಾಡಿಗೆ ಅದು ಹಿತವಾದ ಸುದ್ದಿಯಾಗಿರಲಿಲ್ಲ. ಲಾಲಾಗ್ರಂಥಿಯ ಈ ಅರ್ಬುದಕ್ಕಾದರೋ ಹೊಗೆಸೊಪ್ಪಿನೊಡನೆಯಾಗಲಿ ಮದ್ಯದೊಡನೆಯಾಗಲಿ ಅಂಥ ಸಂಬಂಧ ಸ್ಥಾಪಿತವಾಗಿಲ್ಲ, ವಂಶದಲ್ಲಿ ಹರಿದುಬರುವುದೂ ಇಲ್ಲ. ಎಲೆಯಡಿಕೆಯನ್ನು ಮುಟ್ಟದವರೂ ಇದಕ್ಕೆ ತುತ್ತಾಗುತ್ತಾರೆ. ಚರಕನ ಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಪ್ರಜ್ಞಾಪರಾಧ, ಎಂದರೆ ಗೊತ್ತಿದ್ದೂ ಬುದ್ಧಿ ತಪ್ಪಿ ನಡೆದ ನಡತೆ, ಬೆರಳು ಮಾಡಿ ತೋರಿಸುವಂತೆ ಇಲ್ಲ.

ಮೊದಲ ಪ್ರಶ್ನೆಗೆ ಉತ್ತರ ಸಿಗದಿದ್ದಾಗ ಎರಡನೆಯದು ಏಳುತ್ತದೆ: ಯಾವ ಜನ್ಮದ ಪಾಪವೋ. ಇದನ್ನು ಕೇಳುವವರು ಕೆಟ್ಟವರಲ್ಲ. ಅರ್ಥವಿಲ್ಲದ ನೋವಿಗಿಂತ ಅರ್ಥವಿರುವ ಶಿಕ್ಷೆ ತಾಳಲು ಸುಲಭವೆಂಬ ಭಾವನೆ ಆ ಮಾತಿನ ಹಿಂದೆ ಇರುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಕನ್ನಡಿಗರ ನಾಲಿಗೆಯಲ್ಲಿ ಎಷ್ಟು ಸಲೀಸಾಗಿದೆಯೆಂದರೆ ಎಂ. ಎಸ್. ಪುಟ್ಟಣ್ಣನವರು ತಮ್ಮ ಕಾದಂಬರಿಗೆ ಅದನ್ನೇ ಹೆಸರಾಗಿಟ್ಟರು. ಗಾದೆಯನ್ನು ತನಗೆ ತಾನೇ ಹೇಳಿಕೊಳ್ಳುವುದು ಒಂದು, ಹಾಸಿಗೆ ಹಿಡಿದವನ ಮುಂದೆ ಇನ್ನೊಬ್ಬನು ಹೇಳುವುದು ಇನ್ನೊಂದು. ವ್ಯಾಕರಣದಲ್ಲಿ ಪುರುಷ ಬದಲಾದ ಮಾತ್ರಕ್ಕೆ ಸಿದ್ಧಾಂತವೇ ಬದಲಾಗುವುದೇ ಎಂದು ಕೇಳಬಹುದು. ಬದಲಾಗುತ್ತದೆ ಎಂಬುದಕ್ಕೆ ಶಾಸ್ತ್ರಗಳಲ್ಲೇ ಆಧಾರವಿದೆ.

ಎದುರುಪಕ್ಷದ ಆಧಾರವನ್ನು ಮೊದಲು ನೋಡುವುದು ನ್ಯಾಯ. ಇಂಥ ಪಾಪಕ್ಕೆ ಇಂಥ ರೋಗವೆಂದು ಪಟ್ಟಿ ಮಾಡುವ ಸಾಹಿತ್ಯ ಸಂಸ್ಕೃತದಲ್ಲಿ ಇದೆ. ಕರ್ಮದ ಮಾಗುವಿಕೆ ಎಂಬ ಅರ್ಥದಲ್ಲಿ ಅದಕ್ಕೆ ಕರ್ಮವಿಪಾಕವೆಂದು ಹೆಸರು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಚಿನ್ನ ಕದ್ದವನಿಗೆ ಉಗುರಿನ ರೋಗವನ್ನೂ, ಸುರೆ ಕುಡಿದವನಿಗೆ ಕಪ್ಪು ಹಲ್ಲನ್ನೂ, ಚಾಡಿಕೋರನಿಗೆ ನಾರುವ ಮೂಗನ್ನೂ, ಮಾತನ್ನು ಕದ್ದವನಿಗೆ ಮೂಕತನವನ್ನೂ ಹೇಳುತ್ತದೆ. ಬಾಯಿ, ಮುಖ, ಮಾತುಗಳನ್ನು ಹಿಡಿಯುವ ರೋಗದವನಿಗೆ ಈ ಪಟ್ಟಿಯಲ್ಲಿ ಜಾಗ ಹುಡುಕುವುದು ಕಷ್ಟವೇನಲ್ಲ. ಆದರೆ ಪಟ್ಟಿಯ ಸಂದರ್ಭ ಪ್ರಾಯಶ್ಚಿತ್ತದ್ದು: ತಪ್ಪು ಮಾಡಿದವನು ಪ್ರಾಯಶ್ಚಿತ್ತ ಮಾಡಿಕೊಳ್ಳದೆ ಹೋದರೆ ಏನಾದೀತೆಂದು ಅವನಿಗೇ ಎಚ್ಚರಿಕೆ ಕೊಡುವುದು ಅದರ ಕೆಲಸ. ಅದು ಪಾಪದಿಂದ ರೋಗದ ಕಡೆಗೆ ಹೋಗುತ್ತದೆ. ರೋಗದಿಂದ ಪಾಪದ ಕಡೆಗೆ ಅದನ್ನು ಹಿಮ್ಮುಖವಾಗಿ ಓದುವುದು ತರ್ಕದ ಕಣ್ಣಿನಲ್ಲಿ ಬೇರೆಯೇ ಕೆಲಸ.

ಆ ಕೆಲಸದ ದೋಷವನ್ನು ತೋರಿಸಲು ಪಾಶ್ಚಾತ್ಯ ತರ್ಕದ ನೆರವು ಬೇಕಾಗಿಲ್ಲ, ನ್ಯಾಯದರ್ಶನದ ಬಾಲಪಾಠವೇ ಸಾಕು. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬ ತಪ್ಪದ ಸಂಬಂಧಕ್ಕೆ ವ್ಯಾಪ್ತಿಯೆಂದು ಹೆಸರು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಅದರಿಂದ ಸಾಧುವಾಗುತ್ತದೆ. ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸುವುದು ಮಾತ್ರ ಸಾಧುವಲ್ಲ, ಏಕೆಂದರೆ ಕುಲುಮೆಯಲ್ಲಿ ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆಯಿರುವುದಿಲ್ಲ. ಪಾಪಕ್ಕೆ ಫಲವಾಗಿ ರೋಗ ಬರುತ್ತದೆಂದು ಒಪ್ಪಿದರೂ, ರೋಗವೆಲ್ಲ ಪಾಪದಿಂದಲೇ ಬಂದದ್ದೆಂದು ಅದರಿಂದ ಸಿದ್ಧಿಸುವುದಿಲ್ಲ. ರೋಗಕ್ಕೆ ಬೇರೆ ಕಾರಣಗಳೂ ಇರುವವರೆಗೆ ಆ ಹೇತು ವ್ಯಭಿಚಾರಿ, ಎಂದರೆ ಗುರಿಬಿಟ್ಟು ಬೇರೆಡೆಗೂ ಅಲೆಯುವ ಹೇತು. ತರ್ಕಸಂಗ್ರಹ ಓದಿದ ವಿದ್ಯಾರ್ಥಿಗೆ ಹೊಳೆಯುವ ಈ ತಪ್ಪು, ಪ್ರವಚನದ ಜಗಲಿಯಲ್ಲಿ ದಿನವೂ ತಪ್ಪೆನಿಸದೆ ಹೋಗುತ್ತಿರುವುದು ಆಶ್ಚರ್ಯ.

ಬೇರೆ ಕಾರಣಗಳುಂಟೆಂದು ಎಲ್ಲಕ್ಕಿಂತ ಸ್ಪಷ್ಟವಾಗಿ ಹೇಳಿರುವುದು ಬೌದ್ಧರ ಸಂಯುತ್ತನಿಕಾಯ. ಅದರ ವೇದನಾ ಸಂಯುತ್ತದಲ್ಲಿ ಮೋಳಿಯ ಸೀವಕನೆಂಬ ಪರಿವ್ರಾಜಕನು ಬಂದು, ಮನುಷ್ಯನು ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲವೆಂದು ಕೆಲವರು ಹೇಳುತ್ತಾರಲ್ಲ ಎಂದು ಬುದ್ಧನನ್ನು ಕೇಳುತ್ತಾನೆ. ಬುದ್ಧನ ಉತ್ತರದಲ್ಲಿ ವೇದನೆಗೆ ಎಂಟು ಕಾರಣಗಳಿವೆ: ಪಿತ್ತ, ಕಫ, ವಾತ, ಇವು ಮೂರೂ ಕೂಡಿದ ಸನ್ನಿಪಾತ, ಋತುವಿನ ಬದಲಾವಣೆ, ಮೈಯನ್ನು ಜೋಪಾನ ಮಾಡದಿರುವುದು, ಹೊರಗಿನ ಪೆಟ್ಟು, ಮತ್ತು ಕಟ್ಟಕಡೆಗೆ ಕರ್ಮವಿಪಾಕ. ಎಂಟರಲ್ಲಿ ಒಂದನ್ನು ಎಂಟರ ಜಾಗದಲ್ಲಿ ಕೂರಿಸುವವರು ತಾವೇ ಕಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಹೋಗುತ್ತಾರೆಂಬುದು ಅಲ್ಲಿಯ ತೀರ್ಮಾನ. ಕರ್ಮವನ್ನು ತನ್ನ ದರ್ಶನದ ನಡುಗಂಬವಾಗಿಟ್ಟುಕೊಂಡವನೇ ಅದರ ಅಧಿಕಾರಕ್ಕೆ ಎಲ್ಲೆ ಹಾಕಿದನೆಂಬುದನ್ನು ಇಲ್ಲಿ ಗಮನಿಸಬೇಕು.

ಚರಕಸಂಹಿತೆಯ ನಿಲುವು ಇಷ್ಟು ನೇರವಲ್ಲ. ಶಾರೀರಸ್ಥಾನದ ಮೊದಲ ಅಧ್ಯಾಯವು ಹಿಂದಿನ ದೇಹದಲ್ಲಿ ಮಾಡಿದ ಕರ್ಮವನ್ನು ದೈವವೆಂದು ಕರೆದು, ಅದೂ ಕಾಲ ಬಂದಾಗ ರೋಗಕ್ಕೆ ಕಾರಣವಾಗುವುದೆಂದು ಒಪ್ಪುತ್ತದೆ. ಆದರೆ ವಿಮಾನಸ್ಥಾನದಲ್ಲಿ, ಆಯುಸ್ಸೆಲ್ಲ ಮೊದಲೇ ನಿಗದಿಯಾಗಿದ್ದರೆ ಔಷಧವೇಕೆ, ಪಥ್ಯವೇಕೆ ಎಂದು ಕೇಳಿ, ಗಾಡಿಯ ಅಚ್ಚಿನ ಹೋಲಿಕೆಯನ್ನು ಕೊಡುತ್ತದೆ: ಗಟ್ಟಿ ಅಚ್ಚು ಸರಿಯಾಗಿ ನಡೆಸಿದರೆ ತನ್ನ ಕಾಲಕ್ಕೆ ಸವೆಯುತ್ತದೆ, ಭಾರ ಹೆಚ್ಚಾದರೆ ಅಥವಾ ದಾರಿ ಕೆಟ್ಟದ್ದಾದರೆ ಕಾಲಕ್ಕೆ ಮೊದಲೇ ಮುರಿಯುತ್ತದೆ. ವೈದ್ಯನಾಗಿ ಚರಕನು ಕರ್ಮವನ್ನು ಅಲ್ಲಗಳೆಯುವುದಿಲ್ಲ, ಅದರ ಹೆಸರಿನಲ್ಲಿ ಚಿಕಿತ್ಸೆಯನ್ನು ನಿಲ್ಲಿಸುವುದೂ ಇಲ್ಲ.

ಜೈನದರ್ಶನದ ಮಾತು ಇವೆರಡಕ್ಕಿಂತ ಬಿಗಿಯಾದದ್ದು, ಆದ್ದರಿಂದ ಇನ್ನಷ್ಟು ಸೂಕ್ಷ್ಮವಾಗಿ ನೋಡತಕ್ಕದ್ದು. ಕರ್ಮವನ್ನು ಜೀವಕ್ಕೆ ಅಂಟುವ ನವುರಾದ ದ್ರವ್ಯವೆಂದೇ ಬಗೆದು ಎಂಟು ಬಗೆಯಾಗಿ ವಿಂಗಡಿಸಿರುವ ಆ ದರ್ಶನದಲ್ಲಿ, ನೋವು ನಲಿವುಗಳ ಅನುಭವಕ್ಕೆ ಕಾರಣವಾಗುವುದು ವೇದನೀಯ ಕರ್ಮ. ಅದರಲ್ಲಿ ನೋವನ್ನು ಕೊಡುವ ಪಾಲಿಗೆ ಅಸಾತಾ ವೇದನೀಯವೆಂದು ಹೆಸರು. ಶ್ರವಣಬೆಳಗೊಳದ ಪಂಡಿತ ಪರಂಪರೆಗೆ ಕಂಠಪಾಠವಾಗಿರುವ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು, ಇಂಥ ಕರ್ಮ ಅಂಟಿಕೊಳ್ಳುವುದು ಯಾವುದರಿಂದೆಂದು ಹೇಳುವಾಗ ದುಃಖ, ಶೋಕ, ತಾಪ, ಅಳು ಮುಂತಾದವನ್ನು ಎಣಿಸಿ, ಅವನ್ನು ತನ್ನಲ್ಲಿ ಹುಟ್ಟಿಸಿಕೊಂಡರೂ ಇನ್ನೊಬ್ಬರಲ್ಲಿ ಹುಟ್ಟಿಸಿದರೂ ಒಂದೇ ಎನ್ನುತ್ತದೆ. ಆ ಸೂತ್ರವನ್ನು ಹಿಡಿದು ಲೆಕ್ಕ ಹಾಕಿದರೆ, ರೋಗಿಯ ಬಳಿ ಕುಳಿತು ಅವನ ಹಿಂದಿನ ಜನ್ಮದ ಪಾಪವನ್ನು ಎತ್ತಿ ಅವನನ್ನು ಅಳಿಸುವವನು ಆ ರೋಗಿಯ ಕರ್ಮವನ್ನು ಓದುತ್ತಿಲ್ಲ, ತನ್ನ ಕರ್ಮವನ್ನು ಕಟ್ಟಿಕೊಳ್ಳುತ್ತಿದ್ದಾನೆ.

ವೇದಾಂತದಲ್ಲಿ ಕರ್ಮದ ಪ್ರಸ್ತಾಪ ಬರುವ ಸಂದರ್ಭವೇ ಬೇರೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಏಳುವ ಆಕ್ಷೇಪ ಈಶ್ವರನ ಮೇಲಿನದು: ಒಬ್ಬನನ್ನು ಸುಖಿಯಾಗಿ, ಇನ್ನೊಬ್ಬನನ್ನು ದುಃಖಿಯಾಗಿ ಸೃಷ್ಟಿಸಿದವನಿಗೆ ವೈಷಮ್ಯ, ಎಂದರೆ ಪಕ್ಷಪಾತವೂ, ನೈರ್ಘೃಣ್ಯ, ಎಂದರೆ ಕರುಣೆಯಿಲ್ಲದಿರುವಿಕೆಯೂ ಅಂಟುವುದಿಲ್ಲವೇ ಎಂಬುದು. ಅವನು ಪ್ರಾಣಿಗಳ ಕರ್ಮವನ್ನು ಅಪೇಕ್ಷಿಸಿ ಸೃಷ್ಟಿಸುತ್ತಾನೆ ಎಂಬುದು ಸಮಾಧಾನ. ಶಂಕರರು ಇದಕ್ಕೆ ಮಳೆಯ ಹೋಲಿಕೆಯನ್ನು ಕೊಡುತ್ತಾರೆ, ಮಳೆ ಎಲ್ಲ ಬೀಜಗಳಿಗೂ ಒಂದೇ, ಬತ್ತ ಬತ್ತವಾಗುವುದೂ ಜವೆ ಜವೆಯಾಗುವುದೂ ಬೀಜದ ಗುಣದಿಂದ. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವರಾದರೋ ಆ ಕರ್ಮವೂ ಸ್ವತಂತ್ರವಲ್ಲ, ಅದೂ ಈಶ್ವರನ ಅಧೀನವೇ ಎಂದು ಸೇರಿಸಿದರು. ಈ ಮಾತಿನಲ್ಲಿ ಕಟಕಟೆಯಲ್ಲಿ ನಿಂತವನು ಈಶ್ವರ, ರೋಗಿಯಲ್ಲ. ದೇವರನ್ನು ಬಿಡಿಸಲು ಹೂಡಿದ ವಾದವನ್ನು ಮನುಷ್ಯನನ್ನು ಸಿಕ್ಕಿಸಲು ಬಳಸುವುದು ವಾದದ ಉದ್ದೇಶಕ್ಕೆ ಹೊರಗಿನದು. ಮುಂದಿನ ಸೂತ್ರ ಸಂಸಾರವು ಅನಾದಿಯೆಂದು ಹೇಳುವುದರಿಂದ, ಮೊದಲ ಪಾಪವೆಂಬುದೊಂದನ್ನು ಹುಡುಕಿ ಹಿಡಿಯುವ ಸಾಧ್ಯತೆಯೂ ಅಲ್ಲಿಗೆ ಮುಗಿಯುತ್ತದೆ.

ಲೋಕರೂಢಿ ಈ ವಿಷಯದಲ್ಲಿ ತನಗೆ ತಾನೇ ಎಷ್ಟು ನಿಷ್ಠವಾಗಿದೆಯೆಂಬುದನ್ನು ಅಳೆಯಲು ಒಂದು ಸುಲಭ ಪರೀಕ್ಷೆಯಿದೆ. ರಾಮಕೃಷ್ಣ ಪರಮಹಂಸರು ಗಂಟಲಿನ ಅರ್ಬುದದಿಂದ ನರಳಿ 1886ರ ಆಗಸ್ಟ್ 16ರಂದು ಕಾಶೀಪುರದ ತೋಟದ ಮನೆಯಲ್ಲಿ ತೀರಿಕೊಂಡರು. ರಮಣ ಮಹರ್ಷಿಗಳ ಎಡತೋಳಿನಲ್ಲಿ ಎದ್ದ ಅರ್ಬುದಕ್ಕೆ ಮೇಲಿಂದ ಮೇಲೆ ಶಸ್ತ್ರಕ್ರಿಯೆಯಾಗಿ, 1950ರ ಏಪ್ರಿಲ್ 14ರಂದು ಅವರು ದೇಹ ಬಿಟ್ಟರು. ಇವರ ವಿಷಯದಲ್ಲಿ ಭಕ್ತವಲಯ ಹೇಳಿಕೊಂಡು ಬಂದಿರುವುದು, ಶಿಷ್ಯರ ಪಾಪವನ್ನು ಅವರು ತಮ್ಮ ಮೈಮೇಲೆ ತೆಗೆದುಕೊಂಡರೆಂದು. ಅದೇ ರೋಗ ಪಕ್ಕದ ಮನೆಯ ಗುಮಾಸ್ತನಿಗೆ ಬಂದರೆ ಅವನದೇ ಪಾಪ. ರೋಗದ ಲಕ್ಷಣ ಎರಡು ಕಡೆಯೂ ಒಂದೇ ಆಗಿದ್ದು, ತೀರ್ಪು ಮಾತ್ರ ರೋಗಿಯ ಮೇಲೆ ಮೊದಲೇ ಇದ್ದ ಅಭಿಪ್ರಾಯವನ್ನು ಅನುಸರಿಸಿ ಬೇರೆಯಾಗುವುದಾದರೆ, ಆ ತೀರ್ಪಿನಲ್ಲಿ ರೋಗದಿಂದ ತಿಳಿದುಬಂದದ್ದು ಏನೂ ಇಲ್ಲ.

ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮದ ನಿಧಾನಗತಿ ಈ ಲೆಕ್ಕಾಚಾರವನ್ನು ಇನ್ನಷ್ಟು ಮುಜುಗರಕ್ಕೆ ಸಿಕ್ಕಿಸುತ್ತದೆ. ಬೇರೆ ಅನೇಕ ಅರ್ಬುದಗಳಲ್ಲಿ ಐದು ವರ್ಷ ದಾಟಿದವರನ್ನು ಗೆದ್ದವರೆಂದು ಎಣಿಸುವ ರೂಢಿಯಿದೆ. ಇಲ್ಲಿ ಶಸ್ತ್ರಕ್ರಿಯೆ ಮತ್ತು ವಿಕಿರಣ ಚಿಕಿತ್ಸೆ ಪಡೆದ ಬಹುಮಂದಿ ಐದು ವರ್ಷವನ್ನು ದಾಟುತ್ತಾರೆ, ಆದರೆ ಹತ್ತನೆಯ ವರ್ಷದಲ್ಲೋ ಹದಿನೈದನೆಯ ವರ್ಷದಲ್ಲೋ ನರದ ದಾರಿಯಲ್ಲಿ ಉಳಿದಿದ್ದ ಕೋಶಗಳು ಮತ್ತೆ ಬೆಳೆಯಬಹುದು, ಇಲ್ಲವೆ ಶ್ವಾಸಕೋಶದಲ್ಲಿ ಸಣ್ಣ ಗಂಟುಗಳು ಕಾಣಿಸಿಕೊಳ್ಳಬಹುದು. ಆ ಗಂಟುಗಳನ್ನು ಇಟ್ಟುಕೊಂಡೇ ವರ್ಷಗಟ್ಟಲೆ ಬದುಕಿ ಕೆಲಸ ಮಾಡುವವರಿದ್ದಾರೆ, ಅಂಥವರಲ್ಲಿ ವೈದ್ಯರು ಔಷಧ ಕೊಡದೆ ಕಾದು ನೋಡುವುದೂ ಉಂಟು. ಐದನೆಯ ವರ್ಷದಲ್ಲಿ ಪುಣ್ಯ ಗಟ್ಟಿಯೆಂದು ಹೊಗಳಿಸಿಕೊಂಡವನೇ ಹನ್ನೆರಡನೆಯ ವರ್ಷದಲ್ಲಿ ಪಾಪಿಯಾಗುವುದಾದರೆ, ನಡುವಿನ ಏಳು ವರ್ಷಗಳಲ್ಲಿ ಅವನು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಿ ಮಕ್ಕಳನ್ನು ಓದಿಸಿದ್ದಷ್ಟೇ ಇರುವಾಗ, ಯಾವ ಖಾತೆಯಲ್ಲಿ ಏನು ಜಮೆಯಾಯಿತು, ಏನು ಖರ್ಚಾಯಿತೆಂದು ಹೇಳುವವರಾರು?

ಹಾಗಾದರೆ ಕಾರಣವಿಲ್ಲವೆಂದೇ ಹೇಳಬೇಕೇ? ಇಲ್ಲಿ ನೆರವಿಗೆ ಬರುವುದು ಅದೃಷ್ಟವೆಂಬ ಪದ. ಇಂದಿನ ಕನ್ನಡದಲ್ಲಿ ಅದು ಲಾಟರಿ ಹೊಡೆದವನ ಭಾಗ್ಯವಾಗಿ ಉಳಿದಿದೆ. ಮೂಲದ ಅರ್ಥ ಕಾಣದ್ದು ಎಂದಷ್ಟೇ. ನ್ಯಾಯ ವೈಶೇಷಿಕರು ಆತ್ಮದಲ್ಲಿ ಉಳಿಯುವ ಧರ್ಮಾಧರ್ಮಗಳಿಗೆ ಈ ಹೆಸರನ್ನು ಕೊಟ್ಟರಾದರೂ, ಕಣಾದನ ಸೂತ್ರಗಳಲ್ಲಿ ಅಯಸ್ಕಾಂತದ ಕಡೆಗೆ ಸೂಜಿ ಸರಿಯುವುದಕ್ಕೂ, ಬೆಂಕಿಯ ನಾಲಗೆ ಮೇಲಕ್ಕೇ ಏಳುವುದಕ್ಕೂ ಅದೃಷ್ಟವೇ ಕಾರಣ. ಸೂಜಿ ಯಾವ ಪಾಪವನ್ನೂ ಮಾಡಿಲ್ಲ. ಕಾರಣವಿದೆ, ಕಾಣುತ್ತಿಲ್ಲ ಎಂಬಷ್ಟನ್ನೇ ಆ ಪದ ಅಲ್ಲಿ ಹೇಳುತ್ತದೆ, ಮತ್ತು ಕಂಡ ದಿನ ಜಾಗ ಬಿಟ್ಟು ಹಿಂದೆ ಸರಿಯಲು ಸಿದ್ಧವಾಗಿರುತ್ತದೆ. ಕಾಂತದ ವಿಷಯದಲ್ಲಿ ಆದದ್ದೂ ಹಾಗೆಯೇ.

ಈ ಅರ್ಬುದದ ವಿಷಯದಲ್ಲಿಯೂ ಕಾಣದ್ದು ಸ್ವಲ್ಪ ಹಿಂದೆ ಸರಿದಿದೆ. 2009ರಲ್ಲಿ ಸ್ವೀಡನ್ನಿನ ಸಂಶೋಧಕರು, ಈ ರೋಗದ ಕೋಶಗಳಲ್ಲಿ ಆರನೆಯ ಮತ್ತು ಒಂಬತ್ತನೆಯ ವರ್ಣತಂತುಗಳು ತುಂಡಾಗಿ ತುಣುಕುಗಳನ್ನು ಅದಲುಬದಲು ಮಾಡಿಕೊಂಡು, ಎಂವೈಬಿ ಮತ್ತು ಎನ್‌ಎಫ್‌ಐಬಿ ಎಂಬ ಎರಡು ಜೀನುಗಳು ಒಂದಕ್ಕೊಂದು ಬೆಸೆದುಕೊಂಡಿರುವುದನ್ನು ತೋರಿಸಿದರು. ಹಾಗೆ ಬೆಸೆದ ಮೇಲೆ, ಕೋಶ ವಿಭಜನೆಯನ್ನು ಪ್ರಚೋದಿಸುವ ಎಂವೈಬಿ ಅಂಕೆಯಿಲ್ಲದೆ ಕೆಲಸ ಮಾಡತೊಡಗುತ್ತದೆ. ಈ ಬದಲಾವಣೆ ತಂದೆತಾಯಿಯರಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಅಲ್ಲ. ಬೆಳೆದ ದೇಹದ ಒಂದು ಗ್ರಂಥಿಯ ಒಂದು ಕೋಶದಲ್ಲಿ ಆದ ತಪ್ಪು ಜೋಡಣೆ. ಆ ಕೋಶವೇ ಏಕೆ, ಆ ದಿನವೇ ಏಕೆ ಎಂಬುದು ಈಗಲೂ ಅದೃಷ್ಟವೇ, ಕಣಾದನು ಸೂಜಿಯ ವಿಷಯದಲ್ಲಿ ಬಳಸಿದ ಅರ್ಥದಲ್ಲಿ.

ರೋಗಿಯು ತನ್ನಷ್ಟಕ್ಕೆ ತಾನು ಪ್ರಾರಬ್ಧವೆಂದು ಹೇಳಿಕೊಂಡು ಮನಸ್ಸನ್ನು ಹದಕ್ಕೆ ತಂದುಕೊಂಡರೆ ಅದನ್ನು ತಿದ್ದಲು ಯಾರಿಗೂ ಅಧಿಕಾರವಿಲ್ಲ. ಈಗಾಗಲೇ ಫಲ ಕೊಡಲು ತೊಡಗಿರುವ ಕರ್ಮವೆಂಬುದು ಆ ಪದದ ಅರ್ಥ. ಬಿಲ್ಲಿನಿಂದ ಬಿಟ್ಟ ಬಾಣದಂತೆ ಅದು ಜ್ಞಾನಿಯನ್ನೂ ಬಿಡದೆಂದು ವೇದಾಂತಿಗಳು ಒಪ್ಪಿರುವುದರಿಂದ, ಆ ಮಾತಿನಲ್ಲಿ ಅವಮಾನವಿಲ್ಲ, ಜ್ಞಾನಿಗಳ ಸಾಲಿನಲ್ಲಿ ಕುಳಿತ ಸಮಾಧಾನವಿದೆ. ಆ ಮಾತು ಅವನ ಬಾಯಿಂದ ಬರಬೇಕು, ನೋಡಲು ಬಂದವರ ಬಾಯಿಂದಲ್ಲ.

ಮಠಗಳಲ್ಲೂ ಬಸದಿಗಳಲ್ಲೂ ದೇವಸ್ಥಾನದ ಪ್ರಾಂಗಣಗಳಲ್ಲೂ ಕರ್ಮದ ಮೇಲೆ ಪ್ರವಚನ ಮಾಡುವ ವಿದ್ವಾಂಸರಲ್ಲಿ ಒಂದು ವಿನಂತಿ. ಕರ್ಮವಿಪಾಕದ ಪಟ್ಟಿಯನ್ನು ಓದಿದ ಸಂಜೆಯೇ, ಅದೇ ಸಭೆಯಲ್ಲಿ, ಕಾದ ಕಬ್ಬಿಣದ ಗುಂಡಿನ ಉದಾಹರಣೆಯನ್ನೂ ತತ್ತ್ವಾರ್ಥದ ಆ ಸೂತ್ರವನ್ನೂ ವಿವರಿಸಬೇಕು. ಹಿಂದಿನ ಸಾಲಿನಲ್ಲಿ, ವಿಕಿರಣದಿಂದ ಜೊಲ್ಲು ಬತ್ತಿದ ಬಾಯಿಗೆ ಗುಟುಕು ಗುಟುಕಾಗಿ ನೀರು ಹಾಕಿಕೊಳ್ಳುತ್ತ, ಒಂದು ಕಣ್ಣನ್ನು ಸೆರಗಿನಿಂದ ಒತ್ತಿಕೊಂಡು ಕುಳಿತು ಕೇಳುತ್ತಿರುವವರು ಇರಬಹುದು.